ಈ ಹುಳ ಚಿಟ್ಟೆಯಾಗುತ್ತಾ, ಪತಂಗವಾಗುತ್ತಾ?

ಮಳೆ ಶುರುವಾದ ಮೇಲೆ ಹುಳಗಳ ಬಗ್ಗೆ ಪ್ರಶ್ನೆಗಳು ಜಾಸ್ತಿ ಬಂದಿವೆ. ಅದರಲ್ಲೂ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯಿಂದಲೇ ಹೆಚ್ಚು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಹುಳಗಳಿಗೇ.

ನಮ್ಮ ಹಿತ್ತಲಲ್ಲಿ ಕರಿಬೇವು, ನಂದಿಬಟ್ಟಲು, ಹರಳು ಮೂರೂ ಇವೆ, ಮೂರರಲ್ಲೂ ಹುಳ ಬಿದ್ದಿದೆ. ಆರನೇ ಕ್ಲಾಸಿನ ಮಗಳು "ಇದರಲ್ಲಿ ಯಾವುದಮ್ಮಾ ಚಿಟ್ಟೆ ಆಗೋದು?" ಅಂತ ಕೇಳುತ್ತಾಳೆ. ಕೂದಲಿದ್ದರೆ ಪತಂಗ, ನುಣ್ಣಗಿದ್ದರೆ ಚಿಟ್ಟೆ ಅಂತ ನಮ್ಮ ಅತ್ತೆ ಹೇಳುತ್ತಾರೆ. ಅದು ನಿಜವೇ?
— ಗೃಹಿಣಿ, ಚಿಕ್ಕಬಳ್ಳಾಪುರ

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸರಿ ಇದೆ. ಮೈ ತುಂಬ ದಟ್ಟವಾಗಿ ಕೂದಲಿರುವ ಕಂಬಳಿ ಹುಳಗಳು ಹೆಚ್ಚುಕಡಿಮೆ ಎಲ್ಲವೂ ಪತಂಗಗಳೇ ಆಗುತ್ತವೆ. ಆದರೆ ನುಣ್ಣಗಿರುವುದೆಲ್ಲ ಚಿಟ್ಟೆ ಅನ್ನುವುದು ತಪ್ಪು. ಚಿಕ್ಕಬಳ್ಳಾಪುರದವರಿಗೆ ಇದಕ್ಕೆ ಸಾಕ್ಷಿ ದೂರ ಹುಡುಕಬೇಕಾಗಿಲ್ಲ, ರೇಷ್ಮೆ ಹುಳವೇ ಇದೆಯಲ್ಲ. ಬೆಳ್ಳಗೆ, ನುಣ್ಣಗೆ, ಒಂದು ಕೂದಲೂ ಕಾಣುವುದಿಲ್ಲ, ಆದರೂ ಅದು ಪತಂಗ.

ಲೆಕ್ಕವನ್ನೂ ಸ್ವಲ್ಪ ನೋಡಿ. ಪ್ರಪಂಚದಲ್ಲಿ ಹೆಸರಿಟ್ಟಿರುವ ಚಿಟ್ಟೆ ಜಾತಿಗಳು ಸುಮಾರು 18,000. ಪತಂಗಗಳು ಸುಮಾರು 1,60,000. ಅಂದರೆ ಯಾವುದೋ ಗಿಡದಲ್ಲಿ ಯಾವುದೋ ಹುಳ ಸಿಕ್ಕಿತು, ಏನೂ ಗೊತ್ತಿಲ್ಲ ಅಂದಾಗ "ಪತಂಗ ಇರಬಹುದು" ಅಂದರೆ ಹೆಚ್ಚಿನ ಸಲ ಸರಿಯಾಗಿಯೇ ಇರುತ್ತದೆ. ಚಿಟ್ಟೆಗಳು ಬೇರೆಯೇ ಒಂದು ಕುಲವೂ ಅಲ್ಲ. ಪತಂಗಗಳ ದೊಡ್ಡ ವಂಶದಲ್ಲೇ ಹಗಲು ಹಾರುವುದಕ್ಕೆ ಹೊರಟ ಒಂದು ಕವಲು ಅವು. ಅದಕ್ಕೇ ಹುಳದ ಮೈಮೇಲೆ "ನಾನು ಚಿಟ್ಟೆ" ಅಂತ ಹೇಳುವ ಒಂದೇ ಒಂದು ಗುರುತು ಇಲ್ಲ. ಬಣ್ಣ ನೋಡಿ ಹೇಳುವುದಕ್ಕಂತೂ ಆಗುವುದೇ ಇಲ್ಲ, ತುಂಬ ಚೆಂದದ ಹುಳಗಳು ಎರಡು ಕಡೆಯೂ ಇವೆ.

ಹಾಗಾದರೆ ಹೇಗೆ? ನಾನು ಎಲ್ಲರಿಗೂ ಹೇಳುವುದು ಒಂದೇ: ಹುಳ ನೋಡುವುದಕ್ಕೆ ಮೊದಲು ಗಿಡ ನೋಡಿ. ಚಿಟ್ಟೆಗಳು ಊಟದ ವಿಷಯದಲ್ಲಿ ಬಹಳ ಹಟಮಾರಿಗಳು. ತಾಯಿ ಚಿಟ್ಟೆ ಎಲೆಯ ಮೇಲೆ ಇಳಿದು, ಮುಂಗಾಲಿನಿಂದ ರುಚಿ ನೋಡಿ, ಇದೇ ಗಿಡ ಅಂತ ಖಾತ್ರಿಯಾದ ಮೇಲೆ ಮೊಟ್ಟೆ ಇಡುತ್ತದೆ. ಗಿಡ ಯಾವುದು ಅಂತ ಗೊತ್ತಾದರೆ ಹುಳ ಯಾವುದಿರಬಹುದು ಅನ್ನುವುದು ಎರಡು ಮೂರು ಹೆಸರಿಗೆ ಬಂದು ನಿಲ್ಲುತ್ತದೆ.

ನಿಮ್ಮ ಕರಿಬೇವಿನ ಹುಳವನ್ನೇ ತೆಗೆದುಕೊಳ್ಳಿ. ಚಿಕ್ಕದಿದ್ದಾಗ ಕಂದು ಬಿಳಿ ಮಿಶ್ರ, ನೋಡಿದರೆ ಹಕ್ಕಿ ಹಿಕ್ಕೆಯೇ ಅನ್ನಿಸಬೇಕು. ಹಕ್ಕಿ ತಿನ್ನದೆ ಹೋಗಲಿ ಅಂತಲೇ ಆ ವೇಷ. ಕೊನೆಯ ಸಲ ಪೊರೆ ಬಿಟ್ಟ ಮೇಲೆ ದಪ್ಪಗೆ ಹಸಿರಾಗುತ್ತದೆ. ಆಗ ಮಗಳಿಗೆ ಒಂದು ಕಡ್ಡಿಯಿಂದ ಮೆಲ್ಲಗೆ ಬೆನ್ನು ಮುಟ್ಟಲು ಹೇಳಿ. ತಲೆಯ ಹಿಂದಿನಿಂದ ಕೆಂಪಗಿನ, ಎರಡು ಕವಲಿನ ಮೆತ್ತನೆಯ ಕೊಂಬು ಹೊರಗೆ ಬಂದು, ಗಾಟು ವಾಸನೆ ಹೊಡೆಯುತ್ತದೆ. ಆ ಕವಲು ಕೊಂಬು ಇರುವುದು ಬಾಲದ ಚಿಟ್ಟೆಗಳ ಮನೆತನದ ಹುಳಗಳಿಗೆ ಮಾತ್ರ, ಯಾವ ಪತಂಗಕ್ಕೂ ಇಲ್ಲ. ಕರಿಬೇವಿನಲ್ಲಿ ಸಾಮಾನ್ಯವಾಗಿ ಬರುವುದು ಕಾಮನ್ ಮಾರ್ಮನ್ ಅನ್ನುವ ಕಪ್ಪು ಚಿಟ್ಟೆ. ನಿಂಬೆ ಗಿಡವಾದರೆ ನಿಂಬೆ ಚಿಟ್ಟೆಯೂ ಬರುತ್ತದೆ. ಸಾಕುವುದಕ್ಕೆ ಇದಕ್ಕಿಂತ ಒಳ್ಳೆಯ ಹುಳ ಇಲ್ಲ, ಕಚ್ಚುವುದಿಲ್ಲ, ತುರಿಸುವುದಿಲ್ಲ, ಊಟ ಅಡುಗೆಮನೆಯ ಬಾಗಿಲಲ್ಲೇ ಇದೆ.

ನಂದಿಬಟ್ಟಲಿನಲ್ಲಿ ಇರುವುದು ಬೆರಳು ಗಾತ್ರದ ಹಸಿರು ಹುಳ, ತಲೆಯ ಹತ್ತಿರ ಕಣ್ಣಿನ ಹಾಗೆ ಎರಡು ನೀಲಿ ಮಚ್ಚೆ, ಬಾಲದ ತುದಿಯಲ್ಲಿ ಒಂದು ಮೊಂಡು ಕೊಂಬು, ಅಲ್ವಾ? ಹಾಗಿದ್ದರೆ ಅದು ಓಲಿಯಾಂಡರ್ ಹಾಕ್‌ಮಾತ್ ಅನ್ನುವ ಪತಂಗ. ಮಚ್ಚೆ ನೋಡಿ ಹೆದರಬೇಡಿ, ಕಣ್ಣು ಅದಲ್ಲ, ಕೊಂಬು ಚುಚ್ಚುವುದೂ ಇಲ್ಲ. ಕೊಂಬು ಬಾಲದ ಕಡೆ ಇದ್ದರೆ ಪತಂಗ ಅಂತ ಧೈರ್ಯವಾಗಿ ಹೇಳಬಹುದು. ಎಳ್ಳಿನ ಗಿಡದಲ್ಲಿ ಸಿಗುವ ಭಾರಿ ಹುಳಕ್ಕೂ ಹೀಗೇ ಬಾಲದ ಕೊಂಬು ಇರುತ್ತದೆ, ರೇಷ್ಮೆ ಹುಳಕ್ಕೂ ಒಂದು ಚಿಕ್ಕ ಕೊಂಬಿದೆ, ಮುಂದಿನ ಸಲ ಸಿಕ್ಕಾಗ ಗಮನಿಸಿ. ಅದೇ ಗಟ್ಟಿ ಕೊಂಬುಗಳು ತಲೆಯ ಮೇಲೆ ಜೋಡಿಯಾಗಿ ಇದ್ದರೆ, ಭತ್ತದ ಗದ್ದೆಯಲ್ಲಿ, ಹುಲ್ಲಿನಲ್ಲಿ ಸಿಗುವ ಹಸಿರು ಹುಳದ ಹಾಗೆ, ಅದು ಚಿಟ್ಟೆಯ ಕಡೆಯದು.

ಹರಳು ಗಿಡ ಮಾತ್ರ ಸ್ವಲ್ಪ ಕಷ್ಟ, ಆದರೆ ಕಲಿಯುವುದಕ್ಕೆ ಇಷ್ಟು ಒಳ್ಳೆಯ ಗಿಡ ಇನ್ನೊಂದಿಲ್ಲ. ಎರಡೂ ಅಲ್ಲೇ ಸಿಗುತ್ತವೆ. ಬೆನ್ನನ್ನು ಬಿಲ್ಲಿನ ಹಾಗೆ ಮೇಲೆತ್ತಿ ನಡೆಯುವ ನುಣುಪು ಹುಳ ಪತಂಗದ್ದು. ಮೈ ಮೇಲೆ ಸಾಲಾಗಿ ಕವಲು ಮುಳ್ಳುಗಳಿದ್ದು, ಬೆನ್ನ ಮಧ್ಯೆ ತಿಳಿ ಬಣ್ಣದ ಪಟ್ಟೆ ಇದ್ದರೆ ಅದು ಕಾಮನ್ ಕ್ಯಾಸ್ಟರ್ ಅನ್ನುವ ಕಂದು ಚಿಟ್ಟೆಯ ಹುಳ. ಮುಳ್ಳು ನೋಡುವುದಕ್ಕೆ ಮಾತ್ರ, ಚುಚ್ಚಿದರೂ ಏನೂ ಆಗದು. ಆದರೆ ಅದೇ ಹರಳೆಲೆಯ ಕೆಳಗೆ, ಗೊಂಡೆಹುಳದ ಹಾಗೆ ಚಪ್ಪಟೆಯಾಗಿ ಅಂಟಿಕೊಂಡ, ಹಸಿರು ಮೈಗೆ ನೀಲಿ ಗೆರೆ ಇರುವ, ಗೊಂಚಲು ಗೊಂಚಲು ಮುಳ್ಳಿನ ಇನ್ನೊಂದು ಹುಳ ಇರುತ್ತದೆ. ಅದು ಪತಂಗದ್ದು, ಮುಟ್ಟಿದರೆ ಬೆಂಕಿ ತಗುಲಿದ ಹಾಗೆ ಉರಿಯುತ್ತದೆ. ಹಾಗಾಗಿ ಮಗಳಿಗೆ ಒಂದು ಮಾತು ಕಟ್ಟುನಿಟ್ಟಾಗಿ ಹೇಳಿಡಿ: ಕೂದಲು, ಮುಳ್ಳು ಏನೇ ಕಂಡರೂ ಬರಿಗೈಯಲ್ಲಿ ಮುಟ್ಟಬಾರದು. ಚಿಟ್ಟೆ ಮುಳ್ಳೋ ಪತಂಗದ ಮುಳ್ಳೋ ಅಂತ ದೊಡ್ಡವರಿಗೇ ಗೊಂದಲವಾಗುತ್ತದೆ.

ಇನ್ನು ಎರಡು ಗಿಡ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ಕಡೆ ರಸ್ತೆ ಪಕ್ಕದಲ್ಲೇ ಇವೆ. ಎಕ್ಕದ ಎಲೆ ಮೇಲೆ ಕಪ್ಪು, ಹಳದಿ, ಬಿಳಿ ಪಟ್ಟೆಗಳಿದ್ದು, ಬೆನ್ನಿನಿಂದ ಮೂರು ಜೊತೆ ಕಪ್ಪು ಎಳೆಗಳು ಎದ್ದಿರುವ ಹುಳ ಕಂಡರೆ ಅದು ಪ್ಲೇನ್ ಟೈಗರ್ ಚಿಟ್ಟೆ. ಎಕ್ಕದ ಹಾಲಿನ ವಿಷವನ್ನು ತನ್ನ ಮೈಯಲ್ಲೇ ಇಟ್ಟುಕೊಳ್ಳುವುದರಿಂದ ಅದಕ್ಕೆ ಬಚ್ಚಿಟ್ಟುಕೊಳ್ಳುವ ಅಗತ್ಯವೇ ಇಲ್ಲ, ಎದುರಿಗೇ ಕೂತು ತಿನ್ನುತ್ತದೆ. ಕಣಗಿಲೆಯಲ್ಲಿ ಹುಷಾರು, ಅಲ್ಲಿ ಮೇಲೆ ಹೇಳಿದ ನಂದಿಬಟ್ಟಲಿನ ಪತಂಗವೂ ಬರುತ್ತದೆ, ನಾಲ್ಕು ಜೊತೆ ಎಳೆಗಳಿರುವ ಕಾಮನ್ ಕ್ರೋ ಚಿಟ್ಟೆಯೂ ಬರುತ್ತದೆ.

ಇಷ್ಟಾಗಿಯೂ ಗೊತ್ತಾಗದಿದ್ದರೆ ಕಾಯಿರಿ. ಹುಳ ತಿನ್ನುವುದನ್ನು ನಿಲ್ಲಿಸಿ ಕೋಶವಾಗುತ್ತದಲ್ಲ, ಆಗ ಗುಟ್ಟು ಹೊರಬರುತ್ತದೆ. ಚಿಟ್ಟೆಯ ಕೋಶ ಬಯಲಲ್ಲೇ ಇರುತ್ತದೆ, ಮೇಲೆ ಹೊದಿಕೆ ಇಲ್ಲ. ಕರಿಬೇವಿನ ಹುಳ ಕಡ್ಡಿಗೆ ಬಾಲ ಅಂಟಿಸಿ, ಸೊಂಟಕ್ಕೆ ಒಂದು ರೇಷ್ಮೆ ಎಳೆ ಕಟ್ಟಿಕೊಂಡು ಒರಗಿ ನಿಲ್ಲುತ್ತದೆ. ಎಕ್ಕದ್ದು ತಲೆಕೆಳಗಾಗಿ ನೇತಾಡುತ್ತದೆ. ಪತಂಗವಾದರೆ ಒಂದೋ ಸುತ್ತ ಗೂಡು ನೇಯುತ್ತದೆ, ಇಲ್ಲ ಮಣ್ಣಿಗೆ, ತರಗೆಲೆಯ ಅಡಿಗೆ ಇಳಿದು ಕಂದು ಬಣ್ಣದ ಕೋಶವಾಗುತ್ತದೆ. ನಿಮ್ಮ ನಂದಿಬಟ್ಟಲಿನ ಹುಳ ಒಂದು ದಿನ ಹಸಿರು ಹೋಗಿ ಕಂದಾಗಿ, ಗಿಡ ಬಿಟ್ಟು ನೆಲದ ಮೇಲೆ ಓಡಾಡಲು ಶುರು ಮಾಡುತ್ತದೆ. ಅದಕ್ಕೆ ಕಾಯಿಲೆ ಬಂತು ಅಂತ ಎಷ್ಟೋ ಜನ ಬಿಸಾಡಿಬಿಡುತ್ತಾರೆ. ಬಿಸಾಡಬೇಡಿ, ಕೋಶವಾಗುವುದಕ್ಕೆ ಜಾಗ ಹುಡುಕುತ್ತಿರುತ್ತದೆ ಅಷ್ಟೆ. ಡಬ್ಬದಲ್ಲಿ ಎರಡು ಮೂರು ಇಂಚು ಸಡಿಲ ಮಣ್ಣು, ಮೇಲೆ ಒಣ ಎಲೆ ಹಾಕಿ ಬಿಡಿ.

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹುಳ ಮೇಯಿಸುತ್ತೇವೆ. ಗೂಡು ಮಾಡುವುದು ಪತಂಗ ಮಾತ್ರ ಅಂತ ಮಗಳ ಟೀಚರ್ ಹೇಳಿದರಂತೆ. ಹಾಗಾದರೆ ಚಿಟ್ಟೆ ಹುಳಕ್ಕೆ ರೇಷ್ಮೆಯೇ ಇಲ್ಲವಾ?
— ರೇಷ್ಮೆ ಬೆಳೆಗಾರರು, ಶಿಡ್ಲಘಟ್ಟ ತಾಲೂಕು

ಇದೆ! ಎಲ್ಲ ಹುಳಕ್ಕೂ ಬಾಯಿಯ ಕೆಳಗೆ ನೂಲು ಬಿಡುವ ಅಂಗ ಇದೆ, ಚಿಟ್ಟೆ ಹುಳಕ್ಕೂ ಇದೆ. ಆದರೆ ಅದನ್ನು ಖರ್ಚು ಮಾಡುವ ರೀತಿ ಬೇರೆ. ಕರಿಬೇವಿನ ಹುಳ ಕೂರುವ ಎಲೆಯನ್ನು ಹತ್ತಿರದಿಂದ ನೋಡಿ, ಜಾರದಿರಲಿ ಅಂತ ತೆಳ್ಳಗೆ ಒಂದು ರೇಷ್ಮೆ ಹಾಸು ಹಾಸಿಕೊಂಡಿರುತ್ತದೆ. ಕೋಶವಾಗುವಾಗ ಬಾಲಕ್ಕೊಂದು ಗುಂಡಿ, ಕೆಲವಕ್ಕೆ ಸೊಂಟಕ್ಕೊಂದು ಎಳೆ, ಅಷ್ಟಕ್ಕೆ ಮುಗಿಯಿತು. ನಿಮ್ಮ ಹುಳ ಹಾಗಲ್ಲ. ನಾಲ್ಕು ಜ್ವರ (ಪೊರೆ ಬಿಡುವ ಹೊತ್ತು) ದಾಟಿ, ಹಣ್ಣಾಗಿ, ಗೂಡು ಕಟ್ಟುವ ತಟ್ಟೆಯಾದ ಚಂದ್ರಂಕಿಗೆ ಬಿಟ್ಟ ಮೇಲೆ ಎರಡು ಮೂರು ದಿನ ತಲೆ ಆಡಿಸುತ್ತಲೇ ಇದ್ದು, ಮೈಯಲ್ಲಿ ಕೂಡಿಟ್ಟಿದ್ದನ್ನೆಲ್ಲ ಒಂದೇ ಎಳೆಯಾಗಿ ಸುತ್ತುತ್ತದೆ. ಒಳ್ಳೆಯ ದ್ವಿತಳಿ (ವರ್ಷಕ್ಕೆ ಎರಡು ಪೀಳಿಗೆ ಬರುವ ತಳಿ) ಗೂಡಿನಲ್ಲಿ ಆ ಎಳೆ ಒಂದು ಕಿಲೋಮೀಟರ್ ಉದ್ದ ಬರುತ್ತದೆ. ಚಿಟ್ಟೆಯಿಂದ ನೂಲು ತೆಗೆಯುತ್ತೇನೆ ಅಂದರೆ ಕೈಗೆ ಸಿಗುವುದು ಸೊಂಟದ ಎಳೆಯಷ್ಟೇ.

ಟೀಚರ್ ಹೇಳಿದ್ದು ಹೆಚ್ಚಾಗಿ ಸರಿ. ಒಂದು ಮಾತು ಮಾತ್ರ ಸೇರಿಸಿಕೊಳ್ಳಲಿ, ಪತಂಗಗಳೆಲ್ಲ ಗೂಡು ಕಟ್ಟುವುದಿಲ್ಲ. ಮಣ್ಣಿಗೆ ಇಳಿಯುವ ಪತಂಗಗಳಿಗೆ ಮಣ್ಣೇ ಗೂಡು.

ನಿಮ್ಮ ಮಗಳಿಗೆ ಒಂದು ಕೆಲಸ ಕೊಡಿ. ಮಾರುಕಟ್ಟೆಗೆ ಗೂಡು ಹಾಕುವಾಗ ನಾಲ್ಕೈದು ಗೂಡು ಮನೆಯಲ್ಲೇ ಉಳಿಸಿಕೊಂಡು, ಗಾಳಿಯಾಡುವ ಬುಟ್ಟಿಯಲ್ಲಿ ಇಡಲಿ. ಹತ್ತು ಹನ್ನೆರಡು ದಿನಕ್ಕೆ ಗೂಡಿನ ಒಂದು ತುದಿ ಒದ್ದೆಯಾಗಿ ಪತಂಗ ಹೊರಗೆ ಬರುತ್ತದೆ. ಬಾಯಿಂದ ದ್ರವ ಬಿಟ್ಟು, ಗೂಡಿನ ಅಂಟು ಕರಗಿಸಿಕೊಂಡು ದಾರಿ ಮಾಡಿಕೊಳ್ಳುತ್ತದೆ. ಗರಿಯಂಥ ಮೀಸೆ, ದಪ್ಪ ಹೊಟ್ಟೆ. ರೆಕ್ಕೆ ಇದ್ದರೂ ಹಾರಲಾರದು, ಏನೂ ತಿನ್ನಲಾರದು. ಸಾವಿರಾರು ವರ್ಷ ಮನುಷ್ಯರ ಕೈಯಲ್ಲೇ ಬೆಳೆದು ಹಾಗಾಗಿದೆ. ಹೆಣ್ಣು ನಾಲ್ಕೈದು ನೂರು ಮೊಟ್ಟೆ ಇಟ್ಟು ಕೆಲವೇ ದಿನದಲ್ಲಿ ಸಾಯುತ್ತದೆ. ನೂಲು ತೆಗೆಯುವ ಗೂಡಿನಲ್ಲಿ ಇದು ನೋಡಲು ಸಿಗುವುದೇ ಇಲ್ಲ, ಹುಳ ಒಳಗಿರುವಾಗಲೇ ಬಿಸಿಗೆ ಹೋಗುತ್ತದೆ. ಅದಕ್ಕೇ ಹುಳ ಮೇಯಿಸುವ ಮನೆಯ ಮಕ್ಕಳೂ ಎಷ್ಟೋ ಜನ ಪತಂಗವನ್ನು ನೋಡಿರುವುದಿಲ್ಲ, ನಿಮ್ಮ ಮಗಳು ನೋಡಲಿ.

ದಾಳಿಂಬೆ ಕಾಯಿಗೆ ತೂತು ಬಿದ್ದು, ತೂತಿನ ಬಾಯಲ್ಲಿ ಹಿಕ್ಕೆ ಇರುತ್ತದೆ, ವಾಸನೆ ಬರುತ್ತದೆ. ಹಣ್ಣು ಕೊರೆಯುವುದೆಲ್ಲ ಪತಂಗ ಅಂತ ದೀಪದ ಬಲೆ ಇಟ್ಟೆ, ಏನೂ ಬೀಳಲಿಲ್ಲ.
— ರೈತರು, ಗೌರಿಬಿದನೂರು

ಬೀಳುವುದಿಲ್ಲ, ಏಕೆಂದರೆ ಇದು ಚಿಟ್ಟೆ. ಹಗಲು ಹಾರುತ್ತದೆ, ರಾತ್ರಿ ದೀಪಕ್ಕೆ ಬರುವ ಅಭ್ಯಾಸ ಇಲ್ಲ. ಗಂಡು ಹೊಳೆಯುವ ನೇರಳೆ ನೀಲಿ, ಹೆಣ್ಣು ಕಂದು, ಮುಂದಿನ ರೆಕ್ಕೆಯಲ್ಲಿ ಕಿತ್ತಳೆ ಮಚ್ಚೆ. ಹೂವು, ಎಳೆಕಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಹುಳ ಒಳಗೆ ಹೋಗಿ ಬೀಜ ತಿನ್ನುತ್ತದೆ. ಸೀಬೆಗೂ ಬರುತ್ತದೆ. ಇನ್ನೂ ಒಂದು ಕೆಲಸ ಮಾಡುತ್ತದೆ ನೋಡಿ, ಹುಳ ಹೊರಗೆ ಬಂದು ಕಾಯಿಯ ತೊಟ್ಟನ್ನು ಕೊಂಬೆಗೆ ರೇಷ್ಮೆಯಿಂದ ಬಿಗಿದು ಕಟ್ಟುತ್ತದೆ, ಕೊಳೆತ ಕಾಯಿ ತನ್ನ ಸಮೇತ ಕೆಳಗೆ ಬೀಳದಿರಲಿ ಅಂತ. ಹಾಗಾಗಿ ಕೆಟ್ಟ ಕಾಯಿ ತಾನಾಗಿ ಉದುರುತ್ತದೆ ಅಂತ ಕಾಯಬೇಡಿ. ತೂತು ಬಿದ್ದದ್ದನ್ನೆಲ್ಲ ಕಿತ್ತು, ತೋಟದಿಂದ ಹೊರಗೆ ಆಳವಾಗಿ ಹೂಳಿ. ಎಳೆಕಾಯಿ ಇರುವಾಗಲೇ ಚೀಲ ಕಟ್ಟಿದರೆ ಮೊಟ್ಟೆ ಇಡಲು ಜಾಗ ಸಿಗುವುದಿಲ್ಲ. ದೀಪದ ಬಲೆಗೆ ಹಾಕುವ ದುಡ್ಡನ್ನು ಚೀಲಕ್ಕೆ ಹಾಕಿ.

ಕೋಲಾರದ ಇಬ್ಬರು ಓದುಗರು ಅವರೆಕಾಯಿ ಬಿಡಿಸುವಾಗ ಸಿಗುವ ಹುಳ ಯಾವುದು ಅಂತ ಕೇಳಿದ್ದಾರೆ. ಅದನ್ನೂ ಇಲ್ಲೇ ಹೇಳುತ್ತೇನೆ. ಸೊಗಡಿನ ಕಾಯಿಯಲ್ಲಿ ಸಿಗುವ ಉದ್ದನೆಯ, ಚುರುಕಾಗಿ ಹರಿದಾಡುವ ಹಸಿರು ಹುಳಗಳು ಪತಂಗದವು, ಅವೇ ಜಾಸ್ತಿ. ಆದರೆ ಆಗೊಮ್ಮೆ ಈಗೊಮ್ಮೆ ಗಿಡ್ಡಗೆ, ಚಪ್ಪಟೆಯಾಗಿ, ತಲೆಯೇ ಕಾಣದ, ಬಹಳ ನಿಧಾನಕ್ಕೆ ಜರುಗುವ ಒಂದು ಹುಳ ಸಿಗುತ್ತದೆ. ಅದು ಪೀ ಬ್ಲೂ ಅನ್ನುವ ಪುಟ್ಟ ನೀಲಿ ಚಿಟ್ಟೆಯದು, ದಾಳಿಂಬೆ ಚಿಟ್ಟೆಯ ಮನೆತನವೇ. ಈ ಮನೆತನದ ಹುಳಗಳ ಮೈಯಿಂದ ಸಿಹಿ ರಸ ಬರುತ್ತದೆ, ಅದಕ್ಕೆ ಇರುವೆಗಳು ಸುತ್ತ ಕಾವಲಿರುತ್ತವೆ. ಹೊಲದಲ್ಲಿ ಹೂವಿನ ಹತ್ತಿರ ಒಂದು ಹುಳವನ್ನು ಇರುವೆಗಳು ಕಚ್ಚದೆ ಸುಮ್ನೆ ಸವರುತ್ತಿದ್ದರೆ ಅದು ಚಿಟ್ಟೆ ಅಂತ ತಿಳಿಯಿರಿ.

ನಮ್ಮ ಮಾವಿನ ಮರಕ್ಕೆ ಬದನಿಕೆ ಹತ್ತಿದೆ. ಆ ಬದನಿಕೆ ಎಲೆಗಳಲ್ಲಿ ಗುಂಪು ಗುಂಪಾಗಿ ಕೂದಲ ಹುಳ. ಕಂಬಳಿ ಹುಳ ಅಂತ ಔಷಧಿ ಹೊಡೆಯುವುದಾ?
— ಮಾವು ಬೆಳೆಗಾರರು, ಶ್ರೀನಿವಾಸಪುರ

ದಯವಿಟ್ಟು ಹೊಡೆಯಬೇಡಿ. ಕೂದಲಿದ್ದರೆ ಪತಂಗ ಅನ್ನುವ ಮಾತು ತಪ್ಪುವುದು ಇಲ್ಲೇ. ಬದನಿಕೆಯ ಮೇಲೆ ಗುಂಪಾಗಿ ಮೇಯುವ, ಹಳದಿ ಕಂದು ಮೈಗೆ ಅಲ್ಲೊಂದು ಇಲ್ಲೊಂದು ಉದ್ದ ಕೂದಲಿರುವ ಹುಳ ಜೆಜಬೆಲ್ ಚಿಟ್ಟೆಯದು. ಮೇಲೆ ಬಿಳಿ, ಕೆಳಗೆ ಹಳದಿ, ಅಂಚಿಗೆ ಕೆಂಪು ಮಚ್ಚೆ, ನೀವು ತೋಟದಲ್ಲಿ ಖಂಡಿತ ನೋಡಿರುತ್ತೀರಿ. ಅದು ಮಾವಿನೆಲೆ ತಿನ್ನುವುದಿಲ್ಲ. ನಿಮ್ಮ ಮರದ ರಸ ಹೀರುವ ಬದನಿಕೆಯನ್ನೇ ತಿನ್ನುತ್ತದೆ. ಹಾಗಂತ ಬದನಿಕೆ ಪೂರ್ತಿ ಹೋಗುವುದಿಲ್ಲ, ಕೊಂಬೆ ಸಮೇತ ಕತ್ತರಿಸಲೇಬೇಕು. ಹುಳಗಳು ಕೋಶವಾಗಿ ಹಾರಿ ಹೋದ ಮೇಲೆ ಕತ್ತರಿಸಿದರೆ ನಿಮಗೂ ನಷ್ಟವಿಲ್ಲ.

ನುಗ್ಗೆ ಮರದ ಬೊಡ್ಡೆ ತುಂಬ ಕಂಬಳಿ ಹುಳ. ಪಂಜು ಹಚ್ಚಿ ಸುಡುತ್ತೇವೆ. ಪ್ರತಿ ವರ್ಷ ಬರುತ್ತವೆ. ಮೈಗೆ ತಗುಲಿದರೆ ಏನು ಮಾಡಬೇಕು?
— ಓದುಗರು, ಶಿರಾ

ಇವು ಪತಂಗವೇ, ಅನುಮಾನ ಬೇಡ. ಹಗಲು ಬೊಡ್ಡೆಯಲ್ಲಿ ಗುಂಪಾಗಿ ಕೂತು, ರಾತ್ರಿ ಮೇಲೆ ಹತ್ತಿ ಎಲೆ ತಿನ್ನುತ್ತವೆ. ಸುಟ್ಟರೆ ತೊಗಟೆ ಬೇಯುತ್ತದೆ, ಉದುರಿದ ಕೂದಲು ಗಾಳಿಯಲ್ಲಿ ಹಾರಿ ಕಣ್ಣಿಗೆ ಬೀಳುತ್ತದೆ. ಉದ್ದನೆಯ ಪೊರಕೆಯಿಂದ ಸೋಪಿನ ನೀರಿನ ಬಕೆಟ್ಟಿಗೆ ಗುಡಿಸಿ ಹಾಕಿ, ಮುಖ ಕೈ ಮುಚ್ಚಿಕೊಂಡಿರಿ. ಕೋಶ ಮಣ್ಣಿನಲ್ಲಿರುತ್ತದೆ, ಹಾಗಾಗಿ ಬೇಸಿಗೆಯಲ್ಲಿ ಬುಡದ ಮಣ್ಣು ಕೆದಕಿದರೆ ಹಕ್ಕಿಗಳು ಆರಿಸಿ ತಿನ್ನುತ್ತವೆ. ಪಾವಗಡದ ಕಡೆ ಕಡಲೆಕಾಯಿಗೆ ಬೀಳುವ ಕೆಂಪು ಕಂಬಳಿ ಹುಳಕ್ಕೂ ಇದೇ ಉಪಾಯ, ಮಾಗಿ ಉಳುಮೆ. ಅದರ ಕೋಶ ತಿಂಗಳುಗಟ್ಟಲೆ ಮಣ್ಣಲ್ಲಿ ಮಲಗಿದ್ದು ಮುಂಗಾರಿನ ಮೊದಲ ಹದ ಮಳೆಗೆ ಪತಂಗವಾಗಿ ಏಳುತ್ತದೆ. ಆ ರಾತ್ರಿಗಳಲ್ಲಿ ದೀಪದ ಬಲೆ ನಿಜವಾಗಿಯೂ ಕೆಲಸ ಮಾಡುತ್ತದೆ.

ಮೈಗೆ ತಗುಲಿದರೆ ಉಜ್ಜಬೇಡಿ, ಕೆರೆಯಬೇಡಿ. ಅಂಟು ಟೇಪನ್ನು ಅಂಟಿಸಿ ಕಿತ್ತರೆ ಕೂದಲು ಅದರ ಜೊತೆ ಬರುತ್ತದೆ, ಆಮೇಲೆ ಸೋಪು ಹಾಕಿ ತೊಳೆಯಿರಿ. ಕಣ್ಣಿಗೆ ಬಿದ್ದರೆ, ಉಸಿರು ಕಟ್ಟಿದ ಹಾಗಾದರೆ ತಡ ಮಾಡದೆ ಡಾಕ್ಟರ ಹತ್ತಿರ ಹೋಗಿ.

ನಾನು ನಿಂಬೆ ಗಿಡದ ಹುಳ ಸಾಕಿದೆ. ಕೋಶ ಆಯಿತು. ಚಿಟ್ಟೆ ಬರುತ್ತೆ ಅಂತ ಕಾದೆ. ಆದರೆ ಒಂದು ಸಣ್ಣ ತೂತಿನಿಂದ ತುಂಬಾ ಪುಟ್ಟ ಪುಟ್ಟ ನೊಣದಂಥವು ಬಂದವು. ನಾನೇನು ತಪ್ಪು ಮಾಡಿದೆ?
— ಏಳನೇ ತರಗತಿ, ಚಿಂತಾಮಣಿ

ನೀನು ಯಾವ ತಪ್ಪೂ ಮಾಡಿಲ್ಲ ಪುಟ್ಟಾ. ಬಂದದ್ದು ನೊಣ ಅಲ್ಲ, ಪುಟ್ಟ ಕಣಜಗಳು. ಹುಳ ಕೋಶವಾಗುವ ಹೊತ್ತಿಗೆ ತಾಯಿ ಕಣಜ ಬಂದು ಅದರೊಳಗೆ ಮೊಟ್ಟೆ ಇಟ್ಟಿರುತ್ತದೆ. ಮರಿಗಳು ಒಳಗಿನದನ್ನೇ ತಿಂದು ಬೆಳೆದು, ತೂತು ಮಾಡಿಕೊಂಡು ಹೊರಗೆ ಬರುತ್ತವೆ. ನಿಮ್ಮ ಊರಿನ ಕಡೆ ರೇಷ್ಮೆ ಬೆಳೆಯುವವರನ್ನು ಊಜಿ ನೊಣದ ಬಗ್ಗೆ ಕೇಳು, ಅದೂ ಇಂಥದ್ದೇ, ಆದರೆ ಅದು ನಿಜವಾದ ನೊಣ. ಹುಳದ ಮೈಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಕೊರೆದು ಹೋದ ಜಾಗದಲ್ಲಿ ಕಪ್ಪು ಮಚ್ಚೆ ಬೀಳುತ್ತದೆ. ಕರ್ನಾಟಕಕ್ಕೆ ಅದು ಬಂದದ್ದು 1980ರಲ್ಲಿ, ಅಲ್ಲಿಂದೀಚೆಗೆ ಹುಳುಮನೆ ಕಿಟಕಿಗೆಲ್ಲ ಬಲೆ ಬಂತು.

ಇನ್ನೊಂದು ವಿಷಯ. ಮೂಲಂಗಿ, ಸಾಸಿವೆ ಎಲೆಯಲ್ಲಿ ಕಪ್ಪು ಹಸಿರು ಹುಳ ಸಿಕ್ಕಿದರೆ ಹೊಟ್ಟೆಯ ಕೆಳಗಿನ ಮೆತ್ತನೆ ಕಾಲುಗಳನ್ನು ಎಣಿಸು. ಎದೆಯ ಹತ್ತಿರದ ಮೂರು ಜೊತೆ ಗಟ್ಟಿ ಕಾಲು ಲೆಕ್ಕಕ್ಕೆ ಬೇಡ. ಮೆತ್ತನೆಯವು ಐದು ಜೊತೆ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಚಿಟ್ಟೆಯೋ ಪತಂಗವೋ ಆಗುತ್ತದೆ. ಐದಕ್ಕಿಂತ ಜಾಸ್ತಿ ಇದ್ದರೆ ಅದು ಗರಗಸ ನೊಣದ ಮರಿ. ಎಷ್ಟು ಕಾದರೂ ಚಿಟ್ಟೆ ಬರುವುದಿಲ್ಲ.

ಮುಂದಿನ ಸಲ ಹುಳ ತರಬೇಡ, ಮೊಟ್ಟೆ ತಾ. ನಿಂಬೆಯ ಎಳೆ ಚಿಗುರಿನಲ್ಲಿ ಗುಂಡಗೆ, ತಿಳಿ ಹಳದಿ, ಗುಂಡುಪಿನ್ನಿನ ತಲೆಯಷ್ಟು ಇರುತ್ತದೆ. ಚಿಟ್ಟೆ ಬಂದು ಕೂತು ಹೋದದ್ದನ್ನು ನೋಡಿದರೆ ಅದೇ ದಿನ ಆ ಚಿಗುರನ್ನು ಕಿತ್ತು ತಂದು ಡಬ್ಬದಲ್ಲಿಟ್ಟು, ಬಾಯಿಗೆ ತೆಳ್ಳನೆ ಬಟ್ಟೆ ಕಟ್ಟು. ಕಣಜ ಒಳಗೆ ನುಗ್ಗದ ಹಾಗೆ ಬಿಗಿಯಾಗಿರಲಿ. ದಿನಾ ಹೊಸ ನಿಂಬೆ ಎಲೆ ಹಾಕು, ಬೇರೆ ಎಲೆ ಹಾಕಿದರೆ ಹಸಿವಿನಿಂದ ಸಾಯುತ್ತದೆಯೇ ಹೊರತು ತಿನ್ನುವುದಿಲ್ಲ. ಹಿಕ್ಕೆ ದಿನಾ ಚೆಲ್ಲು, ಬಿಸಿಲಿಗೆ ಇಡಬೇಡ, ಕೋಶ ಅಂಟಿಸಿಕೊಳ್ಳಲು ಒಂದು ಒಣ ಕಡ್ಡಿ ಓರೆಯಾಗಿ ಇಟ್ಟಿರು. ಕೋಶವಾದ ಮೇಲೆ ಹತ್ತು ದಿನದ ಆಸುಪಾಸಿನಲ್ಲಿ ಚಿಟ್ಟೆ ಬರುತ್ತದೆ, ಚಳಿಗಾಲವಾದರೆ ಇನ್ನೂ ತಡ. ಹೊರಬಂದ ಕೂಡಲೇ ರೆಕ್ಕೆ ಮುದುಡಿಕೊಂಡಿರುತ್ತದೆ, ಆಗ ಮುಟ್ಟಬೇಡ, ಒಣಗಲು ಒಂದೆರಡು ಗಂಟೆ ಬೇಕು. ಏನು ಬಂತು ಅಂತ ನನಗೆ ಬರೆದು ತಿಳಿಸು.